ನೋಯದ ಮೂರು ದಿನ

ಕೈ ಮುರಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ದಿನಗಳಲ್ಲಿ ಎಷ್ಟೋ ಸಲ ಅಂದುಕೊಂಡಿದ್ದೇನೆ. ಮುರಿದ ಕೈಗೆ ಬಿದಿರಿನ ದಬ್ಬೆ ಇಟ್ಟು ಕಟ್ಟುತ್ತಾರೆ, ಕೊರಳಿಗೆ ತೂಗುಹಾಕುತ್ತಾರೆ, ನೋಡಿದವರು ಪಾಪ ಅನ್ನುತ್ತಾರೆ. ನನ್ನ ಬಲಗೈ ನೋಡುವವರಿಗೆ ನೆಟ್ಟಗೇ ಇತ್ತು. ಬಾವು ಇರಲಿಲ್ಲ, ಗಾಯ ಇರಲಿಲ್ಲ, ಬಳೆಗಳು ಕೂಡ ಅಂದವಾಗಿ ಕೂತಿದ್ದವು. ಆದರೆ ಹೆಗಲಿನಲ್ಲಿ ಹುಟ್ಟಿದ ನೋವು ಮೊಣಕೈ ದಾಟಿ ಬೆರಳಿನ ತುದಿಯವರೆಗೆ ಇಳಿಯುತ್ತಿತ್ತು. ಸೌಟು ಹಿಡಿದರೆ ಕೈ ನಡುಗಿ ಸಾರು ಒಲೆಯ ಮೇಲೆ ಚೆಲ್ಲುತ್ತಿತ್ತು. ಯಾರ ಕಣ್ಣಿಗೂ ಕಾಣದ ನೋವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ಎಷ್ಟು ನಾಚಿಕೆಯ ಕೆಲಸ ಎಂಬುದು ಅನುಭವಿಸಿದವರಿಗೇ ಗೊತ್ತು.

ನಾನು ಹಾನಗಲ್ಲಿನ ಹುಡುಗಿ. ಮೂವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಸವಣೂರಿಗೆ ಬಂದೆ. ವೈಷ್ಣವರ ಮನೆ. ಮಾವನವರು ಶಾಸ್ತ್ರ ಓದಿದವರು, ಊರಿನ ಹಿರಿಯರು ತಿಥಿ, ಸೂತಕ ಕೇಳಲು ಅವರಲ್ಲಿಗೇ ಬರುತ್ತಿದ್ದರು. ನಮ್ಮ ಯಜಮಾನರು ಸಂಸ್ಥಾನದ ಕಚೇರಿಯಲ್ಲಿ ಕಾರಕೂನರು. ಬಹಳ ಒಳ್ಳೆಯವರು. ಅಪ್ಪನ ಎದುರಿಗೆ ಅವರ ಬಾಯಿಂದ ಒಂದು ಪೂರ್ತಿ ವಾಕ್ಯ ಹೊರಟದ್ದನ್ನು ನಾನು ಕಂಡಿಲ್ಲ. ಅತ್ತೆಯವರು ಕಡಿಮೆ ಮಾತಿನ, ಗಟ್ಟಿ ಕೆಲಸದ ಹೆಂಗಸು. ಆ ಮನೆಗೆ ನಾನೊಬ್ಬಳೇ ಸೊಸೆ.

ಅಡಿಗೆಯೆಲ್ಲ ಮಡಿಯದು. ನಸುಕಿನಲ್ಲಿ ತಣ್ಣೀರು ಹೊಯ್ದುಕೊಂಡು, ಹಿಂದಿನ ದಿನವೇ ಒಗೆದು ಯಾರೂ ಮುಟ್ಟದಂತೆ ಗಳದ ಮೇಲೆ ಒಣಗಿಸಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟು ಒಳಗೆ ಹೋದೆವೆಂದರೆ, ಗಂಡಸರ ಊಟ ಮುಗಿಯುವವರೆಗೆ ನಮ್ಮನ್ನು ಯಾರೂ ಮುಟ್ಟಬಾರದು, ನಾವು ಯಾರನ್ನೂ ಮುಟ್ಟಬಾರದು. ತಿಂಗಳಿಗೆ ಮೂರು ದಿನ ಮಾತ್ರ ಇದರಿಂದ ಬಿಡುಗಡೆ. ಆಗ ಹೊರಗೆ ಕೂಡಬೇಕು. ಹಿತ್ತಲಲ್ಲಿ ದನದ ಕೊಟ್ಟಿಗೆಗೆ ಹತ್ತಿಕೊಂಡು ಒಂದು ಸಣ್ಣ ಕೋಣೆ ಇತ್ತು, ಚಾಪೆ, ಚೊಂಬು, ಎಲೆ ಎಲ್ಲ ಬೇರೆ. ನಾಲ್ಕನೆಯ ದಿನ ತಲೆಗೆ ಎರೆದುಕೊಂಡು ಒಳಗೆ ಬರುವುದು.

ಮದುವೆಯ ಮರುವರ್ಷ ಮಾವನವರ ತಂದೆಯ ಶ್ರಾದ್ಧ ಬಂತು. ಶ್ರಾದ್ಧದ ಅಡಿಗೆಗೆ ಮಡಿ ಇನ್ನೂ ಬಿಗಿ. ಅತ್ತೆಯವರೂ ನಾನೂ ಬೆಳಗಿನಿಂದ ಒಲೆಯ ಮುಂದೆ ಇದ್ದೆವು. ಕರೆಸಿಕೊಂಡ ಬ್ರಾಹ್ಮಣರು ಬಂದು ಕಾಲು ತೊಳೆದುಕೊಂಡು ಕೂತಿದ್ದರು. ಸಾರಿನಲ್ಲಿ ಸೌಟು ಆಡಿಸುತ್ತಿದ್ದ ನನಗೆ ಆಗ ಗೊತ್ತಾಯಿತು, ನಾನು ಹೊರಗಾಗಿದ್ದೇನೆ ಎಂದು. ದಿನ ಎಣಿಸಿದರೆ ಇನ್ನೂ ವಾರ ಇತ್ತು. ಮೈ ನನ್ನ ಎಣಿಕೆಯನ್ನು ಕೇಳಲಿಲ್ಲ.

ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಸೌಟು ಕೆಳಗಿಟ್ಟು ಹಿತ್ತಲಿಗೆ ಹೋಗಿ ಕಟ್ಟೆಯ ಮೇಲೆ ಕೂತರೆ ಸಾಕು, ಮನೆಗೆಲ್ಲ ತಿಳಿಯುತ್ತದೆ. ಹಾಗೆಯೇ ಕೂತೆ. ಬೆಳಗಿನಿಂದ ಬೇಯಿಸಿದ್ದನ್ನೆಲ್ಲ ಹೊರಗೆ ಚೆಲ್ಲಿದರು. ಅತ್ತೆಯವರು ಮತ್ತೆ ತಲೆಗೆ ನೀರು ಹೊಯ್ದುಕೊಂಡರು, ಒಲೆ ಸಾರಿಸಿದರು, ಒಬ್ಬರೇ ಮೊದಲಿಂದ ಅಡಿಗೆಗೆ ತೊಡಗಿದರು. ಪಡಸಾಲೆಯಲ್ಲಿ ಹಿರಿಯರು ಹಸಿದು ಕೂತಿದ್ದರು. ಮಾವನವರು ಅವರಿಗೆ, "ಸ್ವಲ್ಪ ತಡಾ ಆಗ್ತದ. ಒಳಗ ತೊಂದರಿ ಆಗೇದ" ಎಂದದ್ದು ಕೊಟ್ಟಿಗೆಯವರೆಗೆ ಕೇಳಿತು. ತೊಂದರೆ ಎಂದರೆ ಏನು, ಯಾರದು ಎಂದು ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ. ನನ್ನ ಮೈಯ ಸಂಗತಿ ಊರಿನ ಹಿರಿಯರ ಪಂಕ್ತಿಯಲ್ಲಿ ಬಂದು ಕೂತಂತಾಯಿತು. ಇಳಿಹೊತ್ತಿನಲ್ಲಿ ಎಲ್ಲ ಮುಗಿದ ಮೇಲೆ ಅತ್ತೆಯವರು ಹಿತ್ತಲ ಬಾಗಿಲಲ್ಲಿ ನಿಂತು ಒಂದೇ ಮಾತು ಆಡಿದರು.

"ನಿನ್ನ ಕೈಗುಣ ಇವತ್ತ ಪಿತೃಗಳನ್ನ ಉಪವಾಸ ಕೂಡಿಸ್ತು."

ಬೈಗಳಲ್ಲ ಅದು. ದಣಿದ ಹೆಂಗಸು ಆಡಿದ ಮಾತು. ನಾನು ಮಾತ್ರ ನೆಲ ನೋಡುತ್ತ ಕೂತವಳು, ಆ ಮೂರು ದಿನವೂ ತಲೆ ಎತ್ತಲಿಲ್ಲ.

ಕೈನೋವು ಹತ್ತಿಕೊಂಡದ್ದು ಅದರ ಮುಂದಿನ ಹಬ್ಬಕ್ಕೆ. ಎರಡಕ್ಕೂ ಸಂಬಂಧವಿದೆ ಎಂದು ನನಗೂ ಹೊಳೆಯಲಿಲ್ಲ, ಮನೆಯಲ್ಲಿ ಬೇರೆ ಯಾರಿಗೂ ಹೊಳೆಯಲಿಲ್ಲ. ಮೊದಲು ಸವಣೂರಿನ ವೈದ್ಯರು ನಾಡಿ ಹಿಡಿದು ವಾತ ಅಂದರು. ಕಷಾಯ ಕುಡಿದೆ, ಪಥ್ಯ ಮಾಡಿದೆ. ತಡಸದಲ್ಲಿ ಯಾರೋ ಒಳ್ಳೆಯ ಎಣ್ಣೆ ಕಾಸುತ್ತಾರೆ ಎಂದು ಕೇಳಿ ಯಜಮಾನರು ಹೋಗಿ ತಂದರು. ಅದರ ವಾಸನೆಗೆ ಮನೆಯ ಬೆಕ್ಕು ಕೂಡ ನನ್ನ ಹತ್ತಿರ ಸುಳಿಯದಾಯಿತು, ನೋವು ಮಾತ್ರ ನನ್ನನ್ನು ಬಿಟ್ಟು ಹೋಗಲಿಲ್ಲ.

ಆಮೇಲೆ ಚಕ್ಕಡಿ ಕಟ್ಟಿಸಿ ಹಿರೇಬೆಂಡಿಗೇರಿಗೆ ಕರೆದುಕೊಂಡು ಹೋದರು. ಅಲ್ಲಿ ಬರೆ ಹಾಕುವ ಒಬ್ಬ ಮುದುಕಿ ಇದ್ದಳು. ಒಕ್ಕಲುತನದ ಮನೆಯವಳು, ನಗುಮುಖದವಳು. ಕಬ್ಬಿಣದ ಸರಳು ಕಾಸುತ್ತಲೇ ನನ್ನ ತವರಿನ ಸುದ್ದಿ ಕೇಳಿದಳು. "ಅವ್ವಾ, ಹಲ್ಲ ಕಚ್ಚಿ ಹಿಡೀಬೇ, ಮುಗದ ಹೋಕ್ಕೈತಿ" ಎಂದು ಹೆಗಲಿನ ಕೆಳಗೆ ಇಟ್ಟುಬಿಟ್ಟಳು. ಆ ಕಲೆ ಈಗಲೂ ಇದೆ. ಸೋಜಿಗವೆಂದರೆ, ಬರೆಯಿಂದ ನೋವು ಹೋಯಿತು. ಗಾಯ ಹಸಿಯಾಗಿ ಇರುವವರೆಗೆ ಮಡಿಗೆ ಬರಬಾರದು ಎಂದು ಮಾವನವರು ಹೇಳಿದ್ದರಿಂದ ನಾನು ಹೊರಗಿನ ಕೆಲಸ ಮಾಡಿಕೊಂಡು ಹಾಯಾಗಿದ್ದೆ. ಮುದುಕಿಗೆ ಜೋಳ, ಕುಬಸದ ಕಣ ಕಳಿಸಿದರು. ಗಾಯ ಮಾಯ್ದು ಮತ್ತೆ ಮಡಿಸೀರೆ ಉಟ್ಟ ದಿನವೇ ನೋವು ತಿರುಗಿ ಬಂತು, ಎಲ್ಲಿಗೂ ಹೋಗಿರಲೇ ಇಲ್ಲ ಎನ್ನುವ ಹಾಗೆ.

ಮುಂದೆ ಶಿಗ್ಗಾಂವಿಯ ಡಾಕ್ಟರರು. ಇಂಗ್ಲಿಷ್ ಓದಿದವರು, ಕೊರಳಲ್ಲಿ ಎದೆ ನೋಡುವ ನಳಿಗೆ. ನಾನು ಸೆರಗು ಹೊದ್ದು ಗೋಡೆಗೆ ಮುಖ ಮಾಡಿ ಕೂತೆ. ಅವರು ಕೇಳಿದ್ದಕ್ಕೆಲ್ಲ ಅತ್ತೆಯವರೇ ಉತ್ತರ ಕೊಟ್ಟರು. ಅದರಲ್ಲಿ ವಿಚಿತ್ರವೇನೂ ಇಲ್ಲ, ನಮ್ಮಲ್ಲಿ ಸೊಸೆಯ ರೋಗವನ್ನು ಹೇಳುವವರು ಅತ್ತೆಯವರೇ. ಎಲ್ಲಿ ನೋಯುತ್ತದೆ ಎಂದರೆ ಬಲಗೈ. ಯಾವಾಗ ಎಂದರೆ ಸದಾಕಾಲ. ಡಾಕ್ಟರರು ನರಗಳ ಅಶಕ್ತತೆ ಎಂದು ಕಂದು ಬಣ್ಣದ ಬಾಟಲಿ ಕೊಟ್ಟರು. ಅದನ್ನು ಮೂಸಿ ನೋಡಿದ ಮಾವನವರು ಮನೆಯೊಳಗೆ ಬೇಡ ಎಂದು ಕೊಟ್ಟಿಗೆಯ ಮಾಡದಲ್ಲಿ ಇಡಿಸಿದರು. ಮಧ್ಯಾಹ್ನ ಊಟವಾದ ಮೇಲೆ ಅಲ್ಲೇ ಹೋಗಿ ಕುಡಿಯಬೇಕು, ಮರುದಿನ ಸ್ನಾನ ಮಾಡಿ ಮಡಿಗೆ ಬರಬೇಕು. ದನಗಳ ನಡುವೆ ನಿಂತು ಕಳ್ಳಿಯ ಹಾಗೆ ಔಷಧ ಕುಡಿದೆ. ಬಾಟಲಿ ಬರಿದಾಯಿತು, ಕೈ ಇದ್ದ ಹಾಗೇ ಇತ್ತು.

ಇಷ್ಟರಲ್ಲಿ ಮನೆಯಲ್ಲಿ ಒಂದು ಮಾತು ಓಡಾಡತೊಡಗಿತ್ತು. ಸೋಗು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ನೆರೆಯವರು ಮಾತು ನಿಲ್ಲಿಸಿದಾಗ ಗೊತ್ತಾಗುತ್ತಿತ್ತು. "ಉಣ್ಣೂದು ಅದss ಕೈಲೇ ಅಲ್ಲೇನು?" ಎಂದು ಒಬ್ಬಾಕೆ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಅವರ ಮೇಲೆ ಸಿಟ್ಟು ಮಾಡಲು ನನಗೆ ಬಾಯಿಯೇ ಇರಲಿಲ್ಲ. ಯಾಕೆಂದರೆ ಅವರಿಗೆ ಗೊತ್ತಿರದ ಒಂದು ಸಂಗತಿ ನನಗೆ ಗೊತ್ತಿತ್ತು.

ಹೊರಗೆ ಕೂತ ಮೂರು ದಿನ ನನ್ನ ಕೈ ನೋಯುತ್ತಿರಲಿಲ್ಲ.

ಒಂದು ತಿಂಗಳಲ್ಲ, ಪ್ರತಿ ತಿಂಗಳೂ ಅಷ್ಟೇ. ಹಿತ್ತಲ ಕಟ್ಟೆಯ ಮೇಲೆ ಕೂತು ಸ್ವಲ್ಪ ಹೊತ್ತಿಗೆಲ್ಲ ಹೆಗಲು ಹಗುರಾಗುತ್ತಿತ್ತು. ನಾಲ್ಕನೆಯ ದಿನ ತಲೆಗೆ ನೀರು ಬಿತ್ತೋ, ಬೆರಳಿನಿಂದ ಹೆಗಲವರೆಗೆ ಮತ್ತೆ ಹಿಡಿದುಕೊಳ್ಳುತ್ತಿತ್ತು. ಹಾಗಾದರೆ ಅವರು ಅನ್ನುವುದು ನಿಜವೇ ಅಲ್ಲವೇ? ಕೆಲಸ ಇದ್ದಾಗ ನೋವು, ಇಲ್ಲದಾಗ ಇಲ್ಲ. ಮೈಗಳ್ಳಿಯ ಲಕ್ಷಣ ಬೇರೆ ಇನ್ನೇನಿರುತ್ತದೆ? ನಾನು ಬೇಕೆಂದು ಮಾಡುತ್ತಿಲ್ಲ ಎಂದು ನನಗೆ ನಾನೇ ಆಣೆ ಮಾಡಿಕೊಳ್ಳುತ್ತಿದ್ದೆ, ಆದರೂ ನನ್ನನ್ನು ನಾನೇ ನಂಬದಾದೆ. ಅತ್ತೆಯವರು ಸದಾಕಾಲ ನೋಯುತ್ತದೆ ಎಂದಾಗ ನಾನು ತುಟಿ ಬಿಚ್ಚುತ್ತಿರಲಿಲ್ಲ. ಬಿಚ್ಚಿದರೆ ಗಂಡಸಾದ ಡಾಕ್ಟರರ ಮುಂದೆ ತಿಂಗಳ ಮಾತು ಆಡಬೇಕು, ಅದರ ಜೊತೆಗೆ ನಾನು ಸೋಗಿನವಳು ಎಂದು ಒಪ್ಪಿಕೊಂಡ ಹಾಗೂ ಆಗುತ್ತದೆ. ಆ ಮೂರು ದಿನಗಳಲ್ಲಿ ಸೊಸೆಯನ್ನು ಯಾರೂ ವೈದ್ಯರ ಹತ್ತಿರ ಕರೆದೊಯ್ಯುವುದೂ ಇಲ್ಲ. ಹೀಗಾಗಿ ನನ್ನ ನೆಟ್ಟಗಿನ ಕೈಯನ್ನು ಒಬ್ಬ ವೈದ್ಯರೂ ನೋಡಲಿಲ್ಲ.

ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಮೋಟಾರು ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದವು. ನನ್ನ ಅಕ್ಕನನ್ನು ಹಿರೇಕೆರೂರಿಗೆ ಕೊಟ್ಟಿತ್ತು. ಅವಳು ಹೇಳಿಕಳಿಸಿದಳು, ತಮ್ಮೂರಲ್ಲಿ ಒಬ್ಬ ಮುದಿ ಡಾಕ್ಟರರು ಇದ್ದಾರೆ, ಔಷಧ ಕೊಡುವುದು ಕಡಿಮೆ, ಪ್ರಶ್ನೆ ಕೇಳುವುದು ಹೆಚ್ಚು, ಊರವರಿಗೆ ಅವರೆಂದರೆ ಅಷ್ಟಕ್ಕಷ್ಟೇ, ಆದರೂ ಒಮ್ಮೆ ತೋರಿಸಿ ಎಂದು. ಮಾವನವರು ಒಪ್ಪಿದರು, ಆದರೆ ಅಲ್ಲೇ ಗೆರೆ ಎಳೆದರು.

"ಇದೊಂದು ನೋಡ್ರಿ. ಅಲ್ಲೂ ಏನೂ ಸಿಗಲಿಲ್ಲಂದ್ರ, ಬರೋ ಮುಂದ ಅಕೀನ ಹಾನಗಲ್ಲಾಗ ಇಳಿಸಿ ಬರ್ರಿ. ನೆಟ್ಟಗಾದ ಮ್ಯಾಲೆ ಕರಸಿಕೊಂಡ್ರಾತು."

ನೆಟ್ಟಗಾದ ಮೇಲೆ ಎಂಬ ಮಾತಿನ ಅರ್ಥ ನನಗೆ ಗೊತ್ತಿತ್ತು. ನಮ್ಮ ತವರಿನ ಓಣಿಯಲ್ಲಿ ಗಂಡನ ಮನೆಯವರು ಹಾಗೆ ಬಿಟ್ಟುಹೋದ ಒಬ್ಬಾಕೆ ಇದ್ದಳು. ಅವಳ ಗಂಡ ಬೇರೆ ಮದುವೆಯಾಗಿ ಮಕ್ಕಳಾಗಿದ್ದವು. ಅವಳು ಇನ್ನೂ ಕುಂಕುಮ ಇಟ್ಟುಕೊಂಡು ಅಪ್ಪನ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಯಜಮಾನರ ಮುಖ ನೋಡಿದೆ. ಅವರು ಛತ್ರಿ ಹುಡುಕುತ್ತಿದ್ದರು. ನನ್ನ ಸೀರೆಗಳನ್ನೆಲ್ಲ ಟ್ರಂಕಿಗೆ ತುಂಬಿ ಮೋಟಾರಿನ ಮೇಲೆ ಏರಿಸಿದರು. ದವಾಖಾನೆಗೆ ಹೋಗುವವಳಿಗೆ ಅಷ್ಟು ಸೀರೆ ಯಾಕೆ ಎಂದು ಯಾರೂ ಕೇಳಲಿಲ್ಲ.

ಹಿರೇಕೆರೂರಿನ ಡಾಕ್ಟರರು ಲಿಂಗವಂತರು, ಬಿಳಿ ಮೀಸೆಯವರು. ಮೊದಲನೆಯ ಜರ್ಮನ್ ಯುದ್ಧದಲ್ಲಿ ಪಲ್ಟಣಿನ ಜೊತೆ ಬಸ್ರಾದ ಕಡೆಗೆ ಹೋಗಿ ಬಂದಿದ್ದರಂತೆ. ತೋಪಿನ ಸದ್ದಿಗೆ ಕಿವಿ ಮಂದವಾಗಿದ್ದವು. ಇದನ್ನು ಅಕ್ಕ ನನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಬರುತ್ತಿರಲಿಲ್ಲ. ಮನೆಯ ಮುಂಭಾಗದಲ್ಲೇ ದವಾಖಾನೆ. ಕಿಟಕಿಯ ಹೊರಗೆ ಕಟ್ಟೆಯ ಮೇಲೆ ರೋಗಿಗಳು, ಅವರ ಜೊತೆ ಯಜಮಾನರು. ಅಬಲೂರಿನವನೊಬ್ಬ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ.

ನಾನು ಎಂದಿನಂತೆ ಗೋಡೆಗೆ ಮುಖ ಮಾಡಿದೆ. ಅತ್ತೆಯವರು ಬಾಗಿಲ ಮರೆಯಲ್ಲಿ ನಿಂತು ಸಣ್ಣ ದನಿಯಲ್ಲಿ ಸುರು ಮಾಡಿದರು.

"ಏನೂ ಕೇಳಂಗಿಲ್ಲ" ಎಂದು ಡಾಕ್ಟರರು ಕಿವಿಗೆ ಕೈ ಇಟ್ಟುಕೊಂಡರು. "ನೋವು ಯಾರದು?"

"ಸೊಸೀದರಿ."

"ಹಂಗಾರ ಸೊಸೀನ ಹೇಳ್ಲಿ. ತಂಗೀ, ಇತ್ಲಾಗ ಬಂದು ಬಾಜೂಕ ಕುಂದ್ರು. ಗಟ್ಟಿಯಾಗಿ ಹೇಳು."

ಅತ್ತೆಯವರ ಕಡೆ ನೋಡಿದೆ. ಅವರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಹೋಗಿ ಕುರ್ಚಿಯ ಪಕ್ಕದ ಮಣೆಯ ಮೇಲೆ ಕೂತೆ. ಎಲ್ಲಿ ನೋಯುತ್ತದೆ ಎಂದು ಕೇಳಿದರು, ತೋರಿಸಿದೆ. ಹೆಗಲು ಹಿಡಿದು ಕೈ ಎತ್ತಿಸಿದರು, ಬೆರಳು ಮಡಿಸಿದರು, ಬರೆಯ ಕಲೆ ನೋಡಿ ನಾಲಿಗೆ ಲೊಚಗುಟ್ಟಿದರು. ಆಮೇಲೆ ನನ್ನನ್ನು ಯಾವ ವೈದ್ಯರೂ ಕೇಳಿರದ ಒಂದು ಪ್ರಶ್ನೆ ಕೇಳಿದರು.

"ಯಾವಾಗ ನೋಯಂಗಿಲ್ಲ?"

"ಸದಾ ನೋಯ್ತದ್ರಿ" ಎಂದರು ಅತ್ತೆಯವರು.

"ನಿಮ್ಮನ್ನ ಕೇಳಾಕತ್ತಿಲ್ರಿ ಅವ್ವಾರ. ಹೇಳಬೇ ತಂಗಿ. ಯಾವಾಗ ನೋಯಂಗಿಲ್ಲ?"

 ಅವರು ಕಿವಿಯನ್ನು ನನ್ನ ಕಡೆ ಬಗ್ಗಿಸಿದರು. ಈಗ ಹೇಳದಿದ್ದರೆ ಹಾನಗಲ್ಲು, ಹೇಳಿದರೂ ಹಾನಗಲ್ಲೇ ಇರಬಹುದು ಎಂದು ತಲೆಯೊಳಗೆ ಓಡಿತು. ಕೊನೆಗೆ ಬಗ್ಗಿಸಿದ ತಲೆ ಎತ್ತದೆ, ಹೊರಗೆ ಕೂತಾಗ ಎಂದೆ. ಅದು ನನಗೇ ಕೇಳಿಸಿರಲಿಕ್ಕಿಲ್ಲ.

"ಹಾಂ?"

ಮತ್ತೊಮ್ಮೆ ಹೇಳಿದೆ. ಮತ್ತೆ ಹಾಂ ಎಂದರು. ಮೂರನೆಯ ಸಲ ನನಗೆ ಏನಾಯಿತೋ, ಸಿಟ್ಟೋ ಅಳುವೋ ಬಂದು ಕೂಗಿಬಿಟ್ಟೆ.

"ಹೊರಗ ಕೂತಾಗ ನೋಯೂದಿಲ್ರಿ. ಆ ಮೂರು ದಿನಾ ನೋಯೂದಿಲ್ಲ."

ಕಟ್ಟೆಯ ಮೇಲಿನ ಮಾತು ಒಮ್ಮೆಲೇ ನಿಂತಿತು. ಅಬಲೂರಿನವನು ಕೆಮ್ಮಿದ. ಸವಣೂರಿನಲ್ಲಿ ಹಿರಿಯರ ಪಂಕ್ತಿಗೆ ಮಾತ್ರ ತಿಳಿದಿದ್ದ ನನ್ನ ಮೈಯ ಸುದ್ದಿ ಈಗ ಹಿರೇಕೆರೂರಿನ ಸಂತೆಗೂ ತಿಳಿಯಿತು, ಅದೂ ನನ್ನ ಬಾಯಿಂದಲೇ. ಅತ್ತೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ಡಾಕ್ಟರರೊಬ್ಬರೇ, ಹೊಟ್ಟೆಯ ಜಡ್ಡಿನ ಮಾತು ಕೇಳಿದಷ್ಟು ಸಲೀಸಾಗಿ ತಲೆ ಆಡಿಸಿದರು.

"ಆ ಮೂರು ದಿನಾ ಕೈಲೆ ಏನ ಮಾಡ್ತಿ? ಸುಮ್ಮನ ಕುಂದರ್ತಿ?"

"ಕುಳ್ಳು ಬಡೀತೇನ್ರಿ. ಕೊಟ್ಟಿಗಿ ಕಸ ತಗೀತೇನಿ. ಅರಿವಿ ಒಗೀತೇನಿ."

"ಯಾವ ಕೈಲೆ?"

"ಇದ ಕೈಲೆ."

ಹೇಳಿದ ಮೇಲೆ ನನಗೇ ಬೆರಗಾಯಿತು. ಇಷ್ಟು ವರ್ಷ ನಾನು ಅದನ್ನು ಕೆಲಸವೆಂದೇ ಎಣಿಸಿರಲಿಲ್ಲ.

"ಕೇಳಿದ್ರೇನ್ರಿ ಅವ್ವಾರ?" ಡಾಕ್ಟರರು ಅತ್ತೆಯವರ ಕಡೆ ತಿರುಗಿದರು. "ಬುಟ್ಟಿಗಟ್ಟಲೆ ಸಗಣಿ ಬಡಿಯೋ ಕೈ ಒಂದ ಸೌಟು ಹಿಡಿಯಾಕ ಒಲ್ಲೆ ಅಂತೈತಿ. ಕೆಲಸದ ಬ್ಯಾಸರ ಅಲ್ಲ ಇದು."

"ಹಂಗಾರ ಸೋಗೇನ್ರಿ?" ಎಂದರು ಅತ್ತೆಯವರು. ಕೊನೆಗೂ ಆ ಮಾತು ನನ್ನ ಎದುರಿಗೇ ಬಂತು.

"ಯಾರ ಅಂದವರು? ನೋವು ಖರೇ ಐತಿ. ನಮ್ಮ ಪಲ್ಟಣಿನ್ಯಾಗ ಸಿಪಾಯಿಗಳು ಇದ್ರು, ಗುಂಡ ಬಿದ್ದಿಲ್ಲ, ಎಲುಬ ಮುರದಿಲ್ಲ, ಬಂದೂಕ ಹಿಡಿಯೋ ಕೈ ಮ್ಯಾಲ ಏಳಂಗಿಲ್ಲ. ಸಾಹೇಬ್ರು ಅಂಜುಬುರುಕರು ಅಂತ ಹೊಡೆಸಿದ್ರು. ಹೊಡದ್ರೂ ಏಳಲಿಲ್ಲ. ನಾ ನನ್ನ ಕಣ್ಣಿಲೆ ನೋಡೇನಿ. ಅಂಜಿಕಿ ಕೈಯಾಗ ಹೊಕ್ಕೊಂಡ್ರ ಕೈ ಖರೇನ ನೋಯತೈತಿ." ನನ್ನ ಕಡೆ ತಿರುಗಿ ಕೇಳಿದರು, "ಅಡಿಗಿ ಮನ್ಯಾಗ ಏನ ಅಂಜಿಕಿ ನಿನಗ?"

ನೋವು ಖರೇ ಎಂಬ ಮಾತು ಕೇಳಿದ ಮೇಲೆ ನಾನು ಸೆರಗಿನಲ್ಲಿ ಮುಖ ಹುದುಗಿಸಿದೆ. ಕಣ್ಣೀರು ಇಳಿಯತೊಡಗಿತ್ತು, ಮೂಗೂ ಸೋರುತ್ತಿತ್ತು, ಅದಕ್ಕೂ ನಾಚಿಕೆ. ಆಗ ಬಾಗಿಲ ಮರೆಯಿಂದ ಅತ್ತೆಯವರು ಹೊರಗೆ ಬಂದರು. ಡಾಕ್ಟರರ ಕುರ್ಚಿಯ ಹತ್ತಿರ, ಪರಗಂಡಸಿನ ಹತ್ತಿರ ಅವರು ಅಷ್ಟು ಸಮೀಪ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಶ್ರಾದ್ಧದ ದಿನದ ಸಂಗತಿಯನ್ನು ಅವರೇ ಹೇಳಿದರು. ಸಣ್ಣ ದನಿಯಲ್ಲಿ ಹೇಳಿದರೆ ಡಾಕ್ಟರರಿಗೆ ಕೇಳುವುದಿಲ್ಲವಲ್ಲ, ಗಟ್ಟಿಯಾಗಿಯೇ ಹೇಳಿದರು. ಚೆಲ್ಲಿದ ಅಡಿಗೆ, ಕಾದು ಕೂತ ಬ್ರಾಹ್ಮಣರು, ಹಿತ್ತಲ ಬಾಗಿಲಲ್ಲಿ ತಾವು ಆಡಿದ ಕೈಗುಣದ ಮಾತು, ಒಂದನ್ನೂ ಬಿಡಲಿಲ್ಲ. ಕಟ್ಟೆಯ ಮೇಲೆ ತಮ್ಮ ಮಗ ಕೂತಿದ್ದಾನೆ ಎಂಬುದು ಅವರಿಗೆ ಗೊತ್ತಿತ್ತು.

"ಮತ್ತೆಲ್ಲಿ ಹಂಗ ಆದೀತೋ ಅಂತ ಹೆದರ್ತಾಳ್ರಿ ಅಕಿ" ಎಂದರು. "ಹೊರಗ ಕೂತಾಗ ಆ ಹೆದರಿಕಿ ಇರಂಗಿಲ್ಲ. ಆಗೂದು ಆಗೇ ಹೋಗಿರ್ತದ."

ಡಾಕ್ಟರರು ಹೇಳಬೇಕಾದದ್ದನ್ನು ಅತ್ತೆಯವರೇ ಹೇಳಿದ್ದರು. ನಾನು ಕಣ್ಣು ಒರೆಸಿಕೊಂಡು ಅವರನ್ನೇ ನೋಡಿದೆ. ನನಗೇ ತಿಳಿಯದ ನನ್ನ ಹೆದರಿಕೆ ಅವರಿಗೆ ಹೇಗೆ ತಿಳಿಯಿತು?

ಇದಕ್ಕೆ ಔಷಧವಿಲ್ಲ ಎಂದರು ಡಾಕ್ಟರರು. ಕೆಲವು ತಿಂಗಳು ಒಲೆಯ ಮುಂದೆ ಒಬ್ಬಳನ್ನೇ ಬಿಡಬೇಡಿ, ತಾನಾಗಿ ಬರುತ್ತೇನೆ ಎನ್ನುವವರೆಗೆ ಕರೆಯಬೇಡಿ, ಬೈಯಬೇಡಿ, ಹೋಗಿಬನ್ನಿ ಎಂದರು. ನಾನು ಹೊರಗೆ ಬಂದೆ. ಕಟ್ಟೆಯ ಮೇಲಿದ್ದವರೆಲ್ಲ ಬೇರೆ ಬೇರೆ ದಿಕ್ಕು ನೋಡುತ್ತಿದ್ದರು. ಯಜಮಾನರು ಎದ್ದು ನನ್ನ ತಲೆಯ ಮೇಲೆ ಛತ್ರಿ ಬಿಚ್ಚಿ ಹಿಡಿದರು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ.

ಅತ್ತೆಯವರು ಮಾತ್ರ ಹೊರಗೆ ಬರಲಿಲ್ಲ. ಒಳಗಿನಿಂದ ಅವರ ದನಿ ಕೇಳಿತು.

"ಒಂದ ಬಾಟಲಿ ಕೊಡ್ರಿ."

"ಔಷಧ ಇಲ್ಲಂತ ಹೇಳಿದ್ನೆಲ್ರಿ."

"ಒಳಗ ಏನರೆ ಹಾಕ್ರಿ. ಬರೇ ಕೈಲೆ ಹೋದ್ರ ಡಾಕ್ಟರಿಗೂ ಏನೂ ಸಿಗಲಿಲ್ಲಂತ ನಮ್ಮ ಮನ್ಯಾಗ ಅಂತಾರ. ಆಮ್ಯಾಲ ಈ ಹುಡುಗಿ ಗತಿ ಮುಗೀತು. ದಿನಕ್ಕ ಮೂರು ಸಲ ಅಂತ ಬರೀರಿ. ಒಂದು ಮುಂಜಾನೆ ಎದ್ದಕೂಡಲೇ ಅಂತ ಬರೀರಿ."

ಡಾಕ್ಟರರು ನಕ್ಕದ್ದು ಬೀದಿಗೆ ಕೇಳಿತು. ಕೆಂಪು ನೀರಿನ ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅತ್ತೆಯವರು ಹೊರಗೆ ಬಂದರು.

ಮೋಟಾರಿನಲ್ಲಿ ಯಜಮಾನರು ಮುಂದೆ ಕೂತರು, ಅತ್ತೆಯವರೂ ನಾನೂ ಹಿಂದೆ. ಇದ್ದಿಲಿನ ಹೊಗೆ ಹಿಂದಿನಿಂದ ಒಳಗೆ ನುಗ್ಗುತ್ತಿತ್ತು. ಹೊಲಗಳನ್ನು ನೋಡುತ್ತ, ನನಗೋ ತಮಗೋ ಎನ್ನುವ ಹಾಗೆ ಅತ್ತೆಯವರು ಹೇಳಿದರು.

"ನನಗ ಹೊಟ್ಟೀ ನೋವು ಇತ್ತು. ಹಬ್ಬ ಬಂತಂದ್ರ, ಶ್ರಾದ್ಧ ಬಂತಂದ್ರ, ಹಿಂದಿನ ದಿನಾನ ಹಿಂಡಲಿಕ್ಕೆ ಸುರು. ಹೊಟ್ಟಿಗೆ ಸೀರಿ ಬಿಗದು ಕಟ್ಟಿಕೊಂಡು ಅಡಿಗಿ ಮಾಡ್ತಿದ್ದೆ. ಮುಟ್ಟು ನಿಂತ ವರ್ಷ ಆ ನೋವೂ ನಿಂತು ಹೋತು. ನಾ ಅದನ್ನ ದೇವರ ದಯಾ ಅಂದುಕೊಂಡಿದ್ದೆ."

"ಯಾರಿಗೂ ತೋರಸಲಿಲ್ಲೇನ್ರಿ?"

"ಯಾರು ಕರಕೊಂಡು ಹೋಗವರು?"

ಅದಾದ ಮೇಲೆ ಕಿಟಕಿಯ ಕಡೆ ತಿರುಗಿ ಕೂತರು. ಎಷ್ಟೋ ವರ್ಷ ಒಂದೇ ಒಲೆಯ ಮುಂದೆ ನಿಂತು ನಾನು ನನ್ನ ಕೈಯ ಬಗ್ಗೆ ಮಾತ್ರ ಯೋಚಿಸಿದ್ದೆ. ವೈದ್ಯರಿಂದ ವೈದ್ಯರಿಗೆ ಬಿಸಿಲಲ್ಲಿ ನನ್ನ ಹಿಂದೆ ತಿರುಗಿದ ಈ ಹೆಂಗಸನ್ನು ಒಂದು ದಿನವಾದರೂ ಅತ್ತೆ ಎಂಬುದರ ಆಚೆಗೆ ನೋಡಿರಲಿಲ್ಲ. ಅಂದು ದವಾಖಾನೆಯಲ್ಲಿ ಕೂಗಿದ್ದಕ್ಕಿಂತ ಹೆಚ್ಚು ನಾಚಿಕೆ ಆ ಮೋಟಾರಿನಲ್ಲಿ ಆಯಿತು.

ಹಾನಗಲ್ಲು ಬಂತು. ಕಿಟಕಿಯಿಂದ ನೋಡಿದರೆ ನಮ್ಮ ಅಪ್ಪ ಬಂದು ನಿಂತಿದ್ದಾರೆ. ಯಾರು ಹೇಳಿಕಳಿಸಿದ್ದರೋ, ಮಗಳನ್ನು ಇಳಿಸಿಕೊಳ್ಳಲು ಬಂದಿದ್ದರು. ಯಜಮಾನರು ಟ್ರಂಕು ಇಳಿಸಲು ಎದ್ದರು.

"ಕೂಡು" ಎಂದರು ಅತ್ತೆಯವರು.

"ಅಪ್ಪ ಹೇಳ್ಯಾರಲ್ಲ..."

"ಔಷಧ ನಡದದ ಅಕೀಗೆ. ಔಷಧ ನಡದಾಗ ಎಲ್ಲೂ ಬಿಡೂ ಹಂಗಿಲ್ಲ. ಕೂಡು."

ಅವರು ಕೂತರು. ಅತ್ತೆಯವರು ಕಿಟಕಿಯಿಂದ ತಲೆ ಹೊರಹಾಕಿ ಅಪ್ಪನಿಗೆ ಹೇಳಿದರು, "ಆರಾಮ ಆಗ್ತದಂತ್ರಿ. ಚಿಂತಿ ಮಾಡಬ್ಯಾಡ್ರಿ. ದೀಪಾವಳಿಗೆ ಕಳಸ್ತೇವಿ."  ಮೋಟಾರು ಹೊರಡುವವರೆಗೂ ಅಪ್ಪ ಹೆಗಲ ಮೇಲಿನ ಶಲ್ಯದಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು.

ಮನೆಯಲ್ಲಿ ಅತ್ತೆಯವರು ಬಾಟಲಿಯನ್ನು ಮಾವನವರ ಎದುರಿಗೆ ಇಟ್ಟರು. ಅವರು ಚೀಟಿ ಓದಿದರು. ಮುಂಜಾನೆ ಎದ್ದಕೂಡಲೇ ಎಂಬಲ್ಲಿ ಅವರ ಹುಬ್ಬು ಗಂಟಾಯಿತು.

"ಇಂಗ್ಲಿಷ್ ಔಷಧ ಹೊಟ್ಟ್ಯಾಗ ಇಟಗೊಂಡು ಮಡಿಯೊಳಗ ಹ್ಯಾಂಗ ಬರಬೇಕ್ರಿ ಅಕಿ? ನೀವು ಶಾಸ್ತ್ರ ತಿಳದವರು, ನೀವ ಹೇಳ್ರಿ" ಎಂದರು ಅತ್ತೆಯವರು, ತಲೆ ಬಗ್ಗಿಸಿ, ಬಹಳ ವಿನಯದಿಂದ. ಮಾವನವರು ಬರುವಂತಿಲ್ಲ ಎಂದೇ ಹೇಳಬೇಕಾಯಿತು. ವಾಸಿಯಾಗುವವರೆಗೆ ಸೊಸೆ ಮಡಿಯ ಅಡಿಗೆಗೆ ಬರಬಾರದು ಎಂದು ತೀರ್ಪು ಕೊಟ್ಟದ್ದು ಹೀಗೆ ಅವರೇ.

ಕೆಂಪು ನೀರು ಮುಗಿದ ಮೇಲೆ ಅತ್ತೆಯವರು ಬಾಟಲಿಗೆ ಬೆಲ್ಲದ ನೀರು ತುಂಬಿದರು. ಅದೂ ಮುಗಿದರೆ ಮತ್ತೆ ತುಂಬಿದರು. ನಾನು ಹೊರಗಿನ ಕೆಲಸಗಳನ್ನೆಲ್ಲ ಮಾಡುತ್ತಿದ್ದೆ, ಬೀಸುತ್ತಿದ್ದೆ, ನೀರು ಸೇದುತ್ತಿದ್ದೆ. ಕೈ ಹಗುರಾಗುತ್ತ ಬಂತು, ಮನಸ್ಸು ಮಾತ್ರ ಭಾರವಾಗುತ್ತ ಬಂತು. ಒಳಗೆ ಹೊಗೆಯಲ್ಲಿ ಅವರೊಬ್ಬರೇ ಬೇಯಿಸುತ್ತಿದ್ದರು. ನಾನು ಅಂಗಳದಲ್ಲಿ ಬೆಲ್ಲದ ನೀರು ಕುಡಿಯುತ್ತಿದ್ದೆ. ತುತ್ತು ಎತ್ತುವಾಗ ಅವರ ಮುಖ ನೋಡುವುದು ನನ್ನಿಂದಾಗುತ್ತಿರಲಿಲ್ಲ. ಅವರು ಮಾತ್ರ ಒಂದು ದಿನವೂ ಯಾವಾಗ ಬರುತ್ತೀ ಎಂದು ಕೇಳಲಿಲ್ಲ.

ಮತ್ತೆ ಆ ಶ್ರಾದ್ಧದ ದಿನ ಬಂತು. ಯಾರೂ ಕರೆಯಲಿಲ್ಲ. ಬಾಟಲಿಯನ್ನು ಮುಟ್ಟದೆ, ನಸುಕಿನಲ್ಲೇ ತಣ್ಣೀರು ಹೊಯ್ದುಕೊಂಡು, ಗಳದ ಮೇಲಿನ ಸೀರೆ ಇಳಿಸಿ ಉಟ್ಟು ಒಳಗೆ ಹೋದೆ. ಒಲೆಗೆ ಬೆಂಕಿ ಹಚ್ಚುತ್ತಿದ್ದ ಅತ್ತೆಯವರು ತಿರುಗಿ ನೋಡಿದರು.

"ಕೈ?"

"ನೋಯ್ತದ್ರಿ."

"ಹೆದರಿಕಿ?"

"ಅದೂ ಅದ."

ಅವರು ಊದುಗೊಳವೆ ಕೆಳಗಿಟ್ಟರು. ಪಕ್ಕದಲ್ಲಿ ಜಾಗ ಮಾಡಿಕೊಟ್ಟು ಸೌಟನ್ನು ನನ್ನ ಕಡೆ ಸರಿಸಿದರು.

"ಏನರೆ ಆದ್ರ ಒಬ್ಬಾಕೀನ ಹಿತ್ತಲಿಗೆ ಹೋಗಬ್ಯಾಡ" ಎಂದರು. "ಹೋಗೂಕಿಂತ ಮೊದಲ ನನ್ನ ಮುಟ್ಟು. ಇಬ್ಬರೂ ಕೂಡೇ ಹೋಗಿ ಕಟ್ಟೀ ಮ್ಯಾಲೆ ಕೂಡೋಣು. ಅಡಿಗಿ ಗಂಡಸರು ಮಾಡಿಕೊಳ್ಳಲಿ."

ನಾನು ಸೌಟು ತೆಗೆದುಕೊಂಡೆ.  ಹೊತ್ತು ಏರಿತು, ಹೊರಗೆ ಬ್ರಾಹ್ಮಣರು ಬಂದು ಕಾಲು ತೊಳೆದುಕೊಳ್ಳುವ ಸದ್ದು ಕೇಳಿಸಿತು. ಸಾರು ಕುದಿದು ಇಳಿಸುವವರೆಗೆ ಅತ್ತೆಯವರು ನನ್ನ ಪಕ್ಕದಿಂದ ಕದಲಲಿಲ್ಲ.